ಚಿಕೋರಿ ಕಾಫಿ, ಬೆಂಡೆಕಾಯಿ ಗಂಬೋ, ಕರಗುತ್ತಿರುವ ನೆಲ: ಇದು ಲೂಯಿಸಿಯಾನಾ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ, ಇವತ್ತು ಅಮೆರಿಕದ ದಕ್ಷಿಣ ತುದಿಗೆ ಹೋಗೋಣ. ಮೊದಲೇ ಹೇಳಿಬಿಡ್ತೀನಿ, ನಾನು ಅಲ್ಲಿಗೆ ಹೋದವನಲ್ಲ. ನನ್ನನ್ನ ಈ ರಾಜ್ಯದ ಕಡೆ ಎಳೆದಿದ್ದು ಒಂದು ಲೋಟ ಕಾಫಿ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಕಾಫಿಗೆ ಚಿಕೋರಿ ಬೆರೆಸಿ, ಬಿಸಿ ಹಾಲು ಹಾಕಿ ಕುಡೀತಾರೆ ಅಂತ ಓದಿದೆ. ಅರೆ, ಇದು ನಮ್ಮನೆ ಫಿಲ್ಟರ್ ಕಾಫಿ ಅಲ್ವಾ ಅನ್ನಿಸ್ತು. ಅಲ್ಲಿನ ಕೆಫೆ ದು ಮೊಂಡ್ 1862ರಿಂದ ಈ ಕಾಫಿ ಕೊಡ್ತಿದೆ.

ನಾನು ಬಿ.ಕಾಂ. ಓದಿದವನು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ. 1803ರಲ್ಲಿ ಅಮೆರಿಕ ಸರ್ಕಾರ ಫ್ರಾನ್ಸ್‌ನ ನೆಪೋಲಿಯನ್‌ನಿಂದ ಸುಮಾರು 21 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಒಂದೂವರೆ ಕೋಟಿ ಡಾಲರ್‌ಗೆ ಕೊಂಡುಕೊಂಡಿತು. ಎಕರೆಗೆ ಮೂರು ಸೆಂಟ್ ಕೂಡ ಬೀಳಲ್ಲ! ದೇಶದ ವಿಸ್ತೀರ್ಣ ಹೆಚ್ಚೂಕಮ್ಮಿ ಎರಡು ಪಟ್ಟಾಯಿತು. ಆದ್ರೆ ಅಲ್ಲಿ ಮೊದಲಿಂದ ಬದುಕ್ತಿದ್ದ ಮೂಲನಿವಾಸಿಗಳನ್ನ ಯಾರೂ ಕೇಳಲಿಲ್ಲ. ಇವತ್ತಿನ ಲೂಯಿಸಿಯಾನಾದ ಬಹುಪಾಲು ಆ ದೊಡ್ಡ ಪ್ರದೇಶದ ದಕ್ಷಿಣದ ಒಂದು ತುಂಡು. 1812ರಲ್ಲಿ ರಾಜ್ಯವಾಯಿತು. ರಾಜಧಾನಿ ಬ್ಯಾಟನ್ ರೂಜ್. ಬೇರೆ ರಾಜ್ಯಗಳಲ್ಲಿ ಜಿಲ್ಲೆಯಂಥ ಭಾಗಕ್ಕೆ ಕೌಂಟಿ ಅಂತಾರೆ, ಇಲ್ಲಿ ಪ್ಯಾರಿಷ್. ಒಟ್ಟು 64 ಇವೆ.

ಈಗ ಊಟ. ಇಲ್ಲಿನ ಹೆಸರಾಂತ ಅಡುಗೆ ಗಂಬೋ. ಮಾಂಸ ಅಥವಾ ಸೀಗಡಿ ಹಾಕಿದ ಮಂದ ಸಾರು, ಅನ್ನದ ಜೊತೆ ತಿಂತಾರೆ. ಗಂಬೋ ಅನ್ನೋ ಪದವೇ ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗೆ ಇದ್ದ ಹೆಸರಿನಿಂದ ಬಂದಿದ್ದು. ಗುಲಾಮರಾಗಿ ತಂದ ಆಫ್ರಿಕನ್ನರಿಂದ ಬೆಂಡೆಕಾಯಿ, ಫ್ರೆಂಚರಿಂದ ಎಣ್ಣೆಯಲ್ಲಿ ಹಿಟ್ಟು ಹುರಿಯೋ ಪದ್ಧತಿ, ಚೋಕ್ಟಾ ಮೂಲನಿವಾಸಿಗಳಿಂದ ಸಸಾಫ್ರಸ್ ಎಲೆಯ ಪುಡಿ. ಒಂದೇ ಬಟ್ಟಲಲ್ಲಿ ಇಡೀ ರಾಜ್ಯದ ಚರಿತ್ರೆ. ಸೋಮವಾರ ಬಂದ್ರೆ ಕೆಂಪು ಕಾಳು, ಅನ್ನ. ಯಾಕಂದ್ರೆ ಹಿಂದೆ ಅದು ಬಟ್ಟೆ ಒಗೆಯೋ ದಿನ, ಕಾಳನ್ನ ಒಲೆ ಮೇಲಿಟ್ಟು ಬಿಟ್ರೆ ತಾನಾಗೇ ಬೇಯ್ತಿತ್ತು. ವಸಂತದಲ್ಲಿ ಕ್ರಾಫಿಷ್ ಹಬ್ಬ. ಸಿಹಿನೀರಿನ ಈ ಪುಟ್ಟ ಜೀವಿಯನ್ನ ಎಷ್ಟೋ ರೈತರು ಭತ್ತದ ಗದ್ದೆಯಲ್ಲೇ ಸಾಕ್ತಾರೆ. ಒಂದೇ ಜಮೀನು, ಎರಡು ಆದಾಯ!

ನೋಡೋಕೆ ಏನೇನಿದೆ? ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಕ್ವಾರ್ಟರ್, ಬೂದಿ ಬುಧವಾರದ ಹಿಂದಿನ ದಿನ ನಡೆಯೋ ಮಾರ್ಡಿ ಗ್ರಾ ಮೆರವಣಿಗೆ, ಮೊಸಳೆ ಜಾತಿಯ ಆಲಿಗೇಟರ್‌ಗಳಿರೋ ಅಚಫಲಾಯಾ ಜೌಗು ಕಾಡು. ಕಾಂಗೋ ಸ್ಕ್ವೇರ್ ತಪ್ಪಿಸಬೇಡಿ. ಗುಲಾಮರು ಭಾನುವಾರ ಸೇರಿ ಡೋಲು ಬಾರಿಸಿ ಕುಣೀತಿದ್ದ ಜಾಗ ಅದು. ಜಾಜ್ ಸಂಗೀತದ ಬೇರು ಅಲ್ಲೂ ಇದೆ. ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು ಇದೇ ಊರಲ್ಲಿ, 1901ರಲ್ಲಿ.

ಇನ್ನು ಕೇಜನ್ ಜನ. ಇವರ ಹಿರಿಯರು ಕೆನಡಾ ಕಡೆ ಇದ್ದ ಫ್ರೆಂಚರು. 1755ರಿಂದ ಬ್ರಿಟಿಷರು ಅವರನ್ನ ಊರು ಬಿಡಿಸಿ ಓಡಿಸಿದ್ರು, ಎಷ್ಟೋ ಮಂದಿ ಕೊನೆಗೆ ಇಲ್ಲಿ ಬಂದು ನೆಲೆಸಿದ್ರು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಅಂತು. ಮನೆಮಾತು ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ನಾನು ಓದಿದ ಶಾಲೆಯಲ್ಲೂ ಕನ್ನಡ ಮಾತಾಡಿದ್ರೆ 5 ರೂಪಾಯಿ ಫೈನ್ ಇತ್ತು, ಹಾಗಾಗಿ ಇದನ್ನ ಓದುವಾಗ ಗಂಟಲು ಕಟ್ಟಿತು. 1968ರಲ್ಲಿ ಸರ್ಕಾರವೇ ಫ್ರೆಂಚ್ ಉಳಿಸೋಕೆ ಮಂಡಳಿ ಮಾಡಿತು. ಅಷ್ಟೊತ್ತಿಗೆ ಎಷ್ಟೋ ಮನೆಗಳಲ್ಲಿ ಅಜ್ಜ-ಅಜ್ಜಿಗೆ ಮಾತ್ರ ಆ ಭಾಷೆ ಉಳಿದಿತ್ತು.

ಭಾಷೆ ಹೋಯ್ತು ಅಂದ್ರೆ, ಈಗ ನೆಲವೂ ಹೋಗ್ತಿದೆ. ಇಲ್ಲಿನ ಕರಾವಳಿ ಮಿಸಿಸಿಪ್ಪಿ ನದಿ ಸಾವಿರಾರು ವರ್ಷ ತಂದು ಹಾಕಿದ ಮಣ್ಣು. 1927ರ ಮಹಾಪ್ರವಾಹದ ನಂತರ ನದಿಗೆ ಉದ್ದಕ್ಕೂ ಗಟ್ಟಿ ಒಡ್ಡು ಕಟ್ಟಿದ್ರು. ಊರು ಉಳೀತು, ಆದ್ರೆ ಹೊಸ ಮಣ್ಣು ಜೌಗಿಗೆ ಸೇರೋದು ನಿಂತಿತು. ತೈಲ ಕಂಪನಿಗಳು ಅಗೆದ ಕಾಲುವೆಗಳಿಂದ ಉಪ್ಪುನೀರು ಒಳಗೆ ನುಗ್ಗಿತು, ಸಮುದ್ರ ಮಟ್ಟವೂ ಏರ್ತಿದೆ. 1932ರಿಂದ ಸುಮಾರು 5,000 ಚದರ ಕಿ.ಮೀ. ನೆಲ ನೀರಾಗಿದೆ. ಅಂದ್ರೆ ಗೋವಾ ರಾಜ್ಯಕ್ಕಿಂತ ದೊಡ್ಡದು! ಜೌಗು ಇದ್ದರೆ ಚಂಡಮಾರುತದ ಅಲೆಗೆ ತಡೆ. 2005ರ ಕಟ್ರೀನಾದಲ್ಲಿ ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್‌ನ ಶೇ. 80ರಷ್ಟು ಭಾಗ ಮುಳುಗಿತ್ತು.

ಐಲ್ ದ ಜಾನ್ ಚಾರ್ಲ್ಸ್ ಅನ್ನೋ ದ್ವೀಪದಲ್ಲಿ ಫ್ರೆಂಚ್ ಮಾತಾಡೋ ಮೂಲನಿವಾಸಿಗಳು ತಲೆಮಾರುಗಳಿಂದ ಇದ್ದರು. ದ್ವೀಪದ ಬಹುಪಾಲು ಕಡಲು ಸೇರಿತು. 2016ರಲ್ಲಿ ಸರ್ಕಾರ ಸುಮಾರು 4.8 ಕೋಟಿ ಡಾಲರ್ ಕೊಟ್ಟಿತು, 2022ರಲ್ಲಿ ಕುಟುಂಬಗಳು ಹೊಸ ಊರಿಗೆ ಹೊರಟವು. ಮನೆಗೆ ಬೆಲೆ ಕಟ್ಟಬಹುದು. ಅಜ್ಜಿ ಮೀನು ಹಿಡೀತಿದ್ದ ನೀರಿಗೆ, ಹಿರಿಯರ ಸಮಾಧಿಗೆ ಯಾವ ಕಾಲಂನಲ್ಲಿ ಬೆಲೆ ಬರೀತೀರಾ? ನಾನು ಓದಿದ ಅಕೌಂಟೆನ್ಸಿಯಲ್ಲಿ ಅದಕ್ಕೆ ಉತ್ತರ ಸಿಗಲಿಲ್ಲ.

ನಿಮ್ಮ ಊರಲ್ಲಿ ಕೆರೆ, ಕಡಲು, ಅಣೆಕಟ್ಟಿಗೆ ನೆಲ ಕಳ್ಕೊಂಡವರು ಇದ್ದರೆ ಅವರ ಕಥೆ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಕಂತಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ ಕಾಫಿ ಕುಡೀರಿ, ಹುಷಾರಾಗಿರಿ.