ಯಂತ್ರಕ್ಕೆ ಕಿವಿ ಬಂದ ಮೇಲೆ

ಕಬ್ಬಿಣದ ಕೆಲಸದವನಿಗೆ ಕಣ್ಣಿಗಿಂತ ಕಿವಿ ದೊಡ್ಡದು ಎಂದು ನನ್ನ ಸೋದರಮಾವ ಹೇಳುವುದುಂಟು. ನಲವತ್ತು ವರ್ಷ ಟರ್ನರ್ ಆಗಿ ಲೇತಿನ ಮುಂದೆ ನಿಂತವರು ಅವರು. ಓಡುವ ಯಂತ್ರದ ಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಊರಿ, ಅದರ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ವೈದ್ಯರು ರೋಗಿಯ ಎದೆಬಡಿತವನ್ನು ಆಲಿಸುವ ರೀತಿಯೇ ಅದು. ಅರೆನಿಮಿಷದಲ್ಲಿ ತೀರ್ಪು ಹೊರಬೀಳುತ್ತಿತ್ತು: "ಗ್ರೀಸ್ ಬತ್ತಿದೆ" ಅಥವಾ "ಈ ಬೇರಿಂಗ್ ಇನ್ನೊಂದು ತಿಂಗಳು ಬಾಳದು." ಆ ತೀರ್ಪು ಸುಳ್ಳಾದುದನ್ನು ನಾನು ಕೇಳಿರಲಿಲ್ಲ, ಈಚಿನ ಒಂದು ಶನಿವಾರದವರೆಗೆ.

ಬೆಂಗಳೂರಿನ ಪೀಣ್ಯದಲ್ಲಿ ಮಾವನ ಮಗ ಒಂದು ಸಣ್ಣ ಕಾರ್ಖಾನೆ ನಡೆಸುತ್ತಾನೆ. ಹನ್ನೆರಡು ಯಂತ್ರಗಳು, ಇಪ್ಪತ್ತು ಮಂದಿ ಕೆಲಸಗಾರರು. ಕಳೆದ ವರ್ಷ ಅವನು ಪ್ರತಿಯೊಂದು ಮೋಟಾರಿನ ಮೇಲೂ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಸೆನ್ಸರ್ ಅಂಟಿಸಿದ. ಅವು ಯಂತ್ರದ ನಡುಕವನ್ನೂ ಬಿಸಿಯನ್ನೂ ಹಗಲಿರುಳು ಅಳೆದು, ತಂತಿಯಿಲ್ಲದೆಯೇ ಕಚೇರಿಯ ಕಂಪ್ಯೂಟರಿಗೆ ತಿಳಿಸುತ್ತವೆ. ನಾನು ಹೋಗಿದ್ದ ದಿನ ಅವನ ಮೊಬೈಲಿಗೆ ಸಂದೇಶ ಬಂತು: ಐದನೆಯ ಯಂತ್ರದ ಬೇರಿಂಗ್ ಕೆಡುತ್ತಿದೆ.

"ಅಪ್ಪ, ನೀವೊಮ್ಮೆ ಕೇಳಿ ನೋಡಿ" ಎಂದ ಮಗ.

ಮಾವ ಕೇಳಿದರು. "ಏನೂ ಇಲ್ಲ ಕಣೋ. ಬೆಣ್ಣೆಯ ಹಾಗೆ ತಿರುಗುತ್ತಿದೆ."

ಸಂಜೆ ಶಿಫ್ಟ್ ಮುಗಿದ ಮೇಲೆ ಮೋಟಾರನ್ನು ಬಿಚ್ಚಿದರು. ಬೇರಿಂಗಿನ ಹೊರಬಳೆಯ ಒಳಮೈಯಲ್ಲಿ ಎಳ್ಳಿಗಿಂತ ಚಿಕ್ಕದೊಂದು ಗುಳಿ ಬಿದ್ದಿತ್ತು. ಮಾವ ಅದನ್ನು ಒರೆಸಿ, ಬೆಳಕಿಗೆ ಹಿಡಿದು, ಗುಳಿಯ ಮೇಲೆ ಉಗುರಾಡಿಸಿ ನೋಡಿದರು. ಮಾತನಾಡದೆ ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ಮನೆಗೆ ಬರುವಾಗ, "ನನ್ನ ಕಿವಿಗೆ ಕೇಳಲಿಲ್ಲವಲ್ಲೋ" ಎಂದರು, ಅಷ್ಟೆ.

ಮನುಷ್ಯನ ಕಿವಿಗೆ ಸಿಗದುದು ಆ ಡಬ್ಬಿಗೆ ಸಿಕ್ಕಿದ್ದು ಹೇಗೆ? ಇದರಲ್ಲಿ ಮಾಯೆಯೇನೂ ಇಲ್ಲ. ಬೇರಿಂಗಿನ ಎರಡು ಬಳೆಗಳ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಬಳೆಯಲ್ಲಿ ಗುಳಿಯಿದ್ದರೆ, ಗುಂಡು ಹಾದಾಗಲೆಲ್ಲ ಒಂದು ಸಣ್ಣ ಬಡಿತ. ಎಂಟು ಗುಂಡುಗಳ ಬೇರಿಂಗು ನಿಮಿಷಕ್ಕೆ 1500 ಸುತ್ತು, ಎಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತಿದೆ ಎನ್ನೋಣ. ಹೊರಬಳೆಯಲ್ಲಿ ಗಾಯವಾಗಿದ್ದರೆ ಸೆಕೆಂಡಿಗೆ ಸುಮಾರು 80 ಬಡಿತ, ಒಳಬಳೆಯಲ್ಲಾದರೆ ಸುಮಾರು 120. ಕಾರ್ಖಾನೆಯ ಗದ್ದಲದಲ್ಲಿ ಈ ಬಡಿತ, ಜಾತ್ರೆಯಲ್ಲಿ ಮಗುವಿನ ಅಳುವಿನಂತೆ ಮುಳುಗಿಹೋಗುತ್ತದೆ. ಎಂಥ ಕಲಸುಮೇಲೋಗರದ ಕಂಪನವನ್ನೂ ಸರಳ ಅಲೆಗಳಾಗಿ ಬಿಡಿಸಬಹುದೆಂಬ ಗಣಿತವನ್ನು ಫ್ರಾನ್ಸಿನ ಫೂರಿಯೆ 1822ರಲ್ಲಿ, ಶಾಖದ ಹರಿವನ್ನು ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ. ಎರಡು ಶತಮಾನಗಳ ತರುವಾಯ ಅದೇ ಗಣಿತ ಪೀಣ್ಯದ ಮೋಟಾರಿನ ಮೇಲೆ ಕುಳಿತು, ಜಾತ್ರೆಯ ಗದ್ದಲದಿಂದ ಆ ಅಳುವನ್ನು ಹೆಕ್ಕಿ ತೆಗೆಯುತ್ತಿದೆ.

ತಾನಾಗಿ ಕೆಲಸ ಮಾಡುವ ಯಂತ್ರ ಇಂದಿನದಲ್ಲ. ರಂಧ್ರ ಕೊರೆದ ಪಟ್ಟಿಯ ಆಜ್ಞೆಯಂತೆ ಲೋಹ ಕಡೆಯುವ ಯಂತ್ರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ ಪ್ರದರ್ಶಿಸಿದ್ದು 1952ರಲ್ಲಿ. ನಮ್ಮ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿದ್ದು ಅದರ ಮರುವರ್ಷ, 1953ರಲ್ಲಿ. ಆದರೆ ಆ ಯಂತ್ರಗಳು ಹೇಳಿದ್ದನ್ನು ಮಾಡುವ ಮೂಕ ಸೇವಕರು. ಪಕ್ಕದ ಯಂತ್ರದ ಗೊಡವೆ ಅವಕ್ಕಿರಲಿಲ್ಲ. ಈಗ ಅವು ಒಂದರ ಸುದ್ದಿಯನ್ನು ಇನ್ನೊಂದು ಅರಿಯುತ್ತವೆ. ಉಳಿ ಸವೆದುದನ್ನು ಯಂತ್ರವೇ ಉಗ್ರಾಣಕ್ಕೆ ತಿಳಿಸಬಲ್ಲದು. ಒಂದು ಕಡೆ ಕಂಡ ದೋಷದ ಪಾಠವನ್ನು ನೂರು ಕಡೆ ಬಳಸಬಹುದು. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಇದನ್ನೇ ನಾಲ್ಕನೆಯ ಕೈಗಾರಿಕಾ ಕ್ರಾಂತಿಯ ಹೆಸರಿನಿಂದ ಸಾರಿದರು. ಮಾವನ ಕಿವಿ ಒಂದು ಹೊತ್ತಿಗೆ ಒಂದೇ ಯಂತ್ರಕ್ಕೆ ಸಲ್ಲುತ್ತಿತ್ತು. ರಾತ್ರಿ ಅವರಿಗೂ ನಿದ್ರೆ ಬೇಕಿತ್ತು. ಈ ಲಾಭವನ್ನು ಅಲ್ಲಗಳೆಯುವುದು ಹಠವಾದೀತೇ ಹೊರತು ವಿವೇಕವಾಗದು.

ಆದರೂ ನನ್ನ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ಅಲ್ಲಿ ಹೊಸದಾಗಿ ಸೇರಿದ, ಐ.ಟಿ.ಐ. ಮುಗಿಸಿದ ಹುಡುಗನೊಬ್ಬನಿದ್ದಾನೆ. ಚುರುಕಾದ ಹುಡುಗ. ಪರದೆಯಲ್ಲಿ ಹಸಿರು ಕಂಡರೆ ಯಂತ್ರ ಕ್ಷೇಮ, ಕೆಂಪು ಕಂಡರೆ ಕಾಯಿಲೆ ಎಂಬುದನ್ನು ಅವನು ಬಲ್ಲ. "ಪರದೆ ಕೆಟ್ಟರೆ ಏನು ಮಾಡುವೆಯಪ್ಪ?" ಎಂದು ಕೇಳಿದೆ. "ಕಂಪೆನಿಯವರಿಗೆ ಫೋನ್ ಮಾಡ್ತೀನಿ ಸಾರ್" ಎಂದ.

ಇದು ನಗುವ ಮಾತಲ್ಲ. ನಾರ್ವೆ ದೇಶದ ನಾರ್ಸ್ಕ್ ಹೈಡ್ರೋ ದೊಡ್ಡ ಅಲ್ಯುಮಿನಿಯಂ ಸಂಸ್ಥೆ. ಸುಮಾರು ನಲವತ್ತು ದೇಶಗಳಲ್ಲಿ ಅದರ ವ್ಯವಹಾರ. 2019ರ ಮಾರ್ಚ್ 19ರಂದು ದುಷ್ಕರ್ಮಿಗಳು ಅದರ ಕಂಪ್ಯೂಟರುಗಳಿಗೆ ಬೀಗ ಹಾಕಿ ಒತ್ತೆಹಣ ಕೇಳಿದರು. ಜಾಲದಿಂದ ಲಾಭವೆಲ್ಲ ಹರಿದು ಬಂದ ಹಾದಿಯಲ್ಲೇ ಕೇಡೂ ಹರಿದು ಬಂದಿತ್ತು. ಸಂಸ್ಥೆ ಹಣ ಕೊಡಲಿಲ್ಲ. ನಡೆದುದನ್ನು ಬಚ್ಚಿಡಲೂ ಇಲ್ಲ. ಅನೇಕ ಕಾರ್ಖಾನೆಗಳಲ್ಲಿ ಜನ ಕಾಗದ ಪೆನ್ಸಿಲು ಹಿಡಿದು, ಕೈಯಿಂದಲೇ ಕೆಲಸ ಸಾಗಿಸಿದರು. ಆ ಹೊತ್ತಿನಲ್ಲಿ ನೆರವಿಗೆ ಬಂದವರಲ್ಲಿ, ಹಳೆಯ ಪದ್ಧತಿಯನ್ನು ಬಲ್ಲ ನಿವೃತ್ತ ಕೆಲಸಗಾರರೂ ಇದ್ದರು. ಅವರು ಬದುಕಿದ್ದರು, ಅವರಿಗೆ ನೆನಪಿತ್ತು. ಅದು ಸಂಸ್ಥೆಯ ಪುಣ್ಯ. ಇನ್ನು ಇಪ್ಪತ್ತು ವರ್ಷಗಳ ನಂತರ ಇಂಥದೇ ಕೇಡು ಬಂದರೆ, ಕರೆ ಕಳಿಸಲು ಯಾರಿರುತ್ತಾರೆ?

ಈ ಕಥೆಯನ್ನು ಮಾವನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮುಂದಿನ ವಾರ ತಾವಾಗಿಯೇ ಪೀಣ್ಯಕ್ಕೆ ಹೊರಟರು. ಜೇಬಿನಲ್ಲಿ ಆ ಗುಳಿಬಿದ್ದ ಬೇರಿಂಗ್. ಮೂಲೆಯಲ್ಲಿದ್ದ ಹಳೆಯ ಮೋಟಾರಿಗೆ ಅದನ್ನು ಹಾಕಿಸಿ, ಸೆನ್ಸರನ್ನೂ ಅಂಟಿಸಿ, ಹುಡುಗನನ್ನು ಕರೆದರು. "ಮೊದಲು ಪರದೆ ನೋಡು. ಅದು ಎಲ್ಲಿ ತೋರಿಸುತ್ತದೋ ಅಲ್ಲೇ ಕಿವಿ ಇಡು" ಎಂದು ಸ್ಕ್ರೂಡ್ರೈವರ್ ಕೊಟ್ಟರು. ಸುತ್ತಲ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು. ಹುಡುಗ ಕಣ್ಣು ಮುಚ್ಚಿ ಆಲಿಸಿದ. ಆಮೇಲೆ ಮಾವನೂ ಆಲಿಸಿದರು. ತಮಗೆ ಕೇಳಿಸಿತೋ ಇಲ್ಲವೋ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹುಡುಗ ಮಾತ್ರ, "ಏನೋ ಗುರುಗುಟ್ಟಿದ ಹಾಗಿದೆ ಸಾರ್" ಎಂದ.

ಈಗ ಆ ಕಾರ್ಖಾನೆಯಲ್ಲಿ ತಿಂಗಳ ಮೊದಲ ಶನಿವಾರ ಪರದೆಗಳನ್ನು ಆರಿಸಿ, ಲೆಕ್ಕವನ್ನು ಪುಸ್ತಕದಲ್ಲಿ ಬರೆದು, ಯಂತ್ರಗಳನ್ನು ಕಿವಿಯಿಂದಲೂ ಕೈಯಿಂದಲೂ ಪರೀಕ್ಷಿಸುತ್ತಾರೆ. ಆ ದಿನ ಉತ್ಪಾದನೆ ಕೊಂಚ ಕಡಿಮೆಯೇ ಎಂದು ಮಾವನ ಮಗ ಒಪ್ಪಿಕೊಳ್ಳುತ್ತಾನೆ. ವಿಮೆಯ ಕಂತೂ ಹಾಗೆಯೇ ಅಲ್ಲವೇ? ಕಟ್ಟುವಾಗ ನಷ್ಟವೆನಿಸುತ್ತದೆ. ಯಂತ್ರಕ್ಕೆ ಕಿವಿ ಬಂದುದು ಸಂತೋಷದ ಸಂಗತಿ. ಆ ಸಂತೋಷದಲ್ಲಿ ನಮ್ಮ ಕಿವಿಯನ್ನು ನಾವು ಮರೆಯದಿದ್ದರೆ ಸಾಕು.