ಖಾಲಿ ಕುರ್ಚಿಗಳ ಮುಂದೆ

1961ರ ಆಗಸ್ಟ್. ಮಾಸ್ಕೋದಲ್ಲಿ ಜೀವರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನ. ಸಾವಿರಾರು ಮಂದಿ ನೆರೆದಿದ್ದರು. ಅಮೆರಿಕದ ಬೆಥೆಸ್ಡಾದಿಂದ ಬಂದಿದ್ದ ಮಾರ್ಷಲ್ ನಿರೆನ್‌ಬರ್ಗ್ ಎಂಬ 34ರ ವಿಜ್ಞಾನಿಯ ಹೆಸರು ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸಿಕ್ಕಿದ್ದು ಒಂದು ಸಣ್ಣ ಕೊಠಡಿ, ಕೆಲವೇ ನಿಮಿಷ. ಕುರ್ಚಿಗಳು ಬಹುಪಾಲು ಖಾಲಿ. ಆ ಖಾಲಿ ಕುರ್ಚಿಗಳ ಮುಂದೆ ನಿಂತು ಅವರು ಹೇಳಿದ್ದು, ಜೀವದ ಲಿಪಿಯ ಮೊದಲ ಪದವನ್ನು ಓದಿದ್ದೇವೆ ಎಂಬ ಸುದ್ದಿಯನ್ನು.

ಕೆಲಸ ನಡೆದದ್ದು ಹೀಗೆ. ಬ್ಯಾಕ್ಟೀರಿಯಾಗಳನ್ನು ಅರೆದು ತೆಗೆದ ರಸಕ್ಕೆ, 'ಯು' ಎಂಬ ಅಕ್ಷರವೊಂದೇ ಉದ್ದಕ್ಕೂ ಬರುವ ಕೃತಕ ಆರ್‌ಎನ್‌ಎ ಎಳೆಯನ್ನು ಸೇರಿಸಿದರು. ಪಿಎಚ್.ಡಿ. ಮುಗಿಸಿ ಜರ್ಮನಿಯಿಂದ ಬಂದಿದ್ದ ಪೋಸ್ಟ್‌ಡಾಕ್ ಹೈನ್ರಿಖ್ ಮಟೈ ಮೇ ತಿಂಗಳ ಕೊನೆಯಲ್ಲಿ ಒಂದು ರಾತ್ರಿಯೆಲ್ಲ ಎದ್ದಿದ್ದು ಮಾಡಿದ ಪ್ರಯೋಗ ಅದು. ಬೆಳಗಾಗುವ ಹೊತ್ತಿಗೆ ರಸದಲ್ಲಿ ಹುಟ್ಟಿದ ಪ್ರೋಟೀನ್ ಸರದಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲದ ಮಣಿಗಳು ಮಾತ್ರ ಇದ್ದವು. ಆರ್‌ಎನ್‌ಎಯ ಯಾವ ಅಕ್ಷರಗಳು ಪ್ರೋಟೀನಿನ ಯಾವ ಮಣಿಯನ್ನು ತರುತ್ತವೆ ಎಂಬ ಒಗಟಿಗೆ ಮೊದಲ ಬಾರಿ ಕೈಗೆ ಸಿಗುವ ಉತ್ತರ ಬಂದಿತ್ತು.

ಆ ಕೊಠಡಿಯಲ್ಲಿ ಕುಳಿತಿದ್ದ ಕೆಲವರಲ್ಲಿ ಮ್ಯಾಥ್ಯೂ ಮೆಸೆಲ್ಸನ್ ಒಬ್ಬರು. ಡಿಎನ್‌ಎ ಹೇಗೆ ಇಬ್ಭಾಗವಾಗಿ ಮರುಸೃಷ್ಟಿಯಾಗುತ್ತದೆ ಎಂದು ಮೂರು ವರ್ಷ ಮೊದಲು ತೋರಿಸಿಕೊಟ್ಟಿದ್ದವರು. ಮಾತು ಮುಗಿಯುತ್ತಲೇ ನಿರೆನ್‌ಬರ್ಗರನ್ನು ಅಪ್ಪಿಕೊಂಡರು. ನೇರ, ಡಿಎನ್‌ಎಯ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಬಳಿ ಹೋಗಿ ವಿಷಯ ತಿಳಿಸಿದರು. ಕ್ರಿಕ್ ಸಮ್ಮೇಳನದ ದೊಡ್ಡ ಗೋಷ್ಠಿಯಲ್ಲಿ ಜಾಗ ಮಾಡಿಸಿ, ಅದೇ ಮಾತನ್ನು ಇನ್ನೊಮ್ಮೆ ಆಡಿಸಿದರು. ಈ ಬಾರಿ ಸಭಾಂಗಣ ತುಂಬಿತ್ತು. ಮುಂದಿನ ಐದಾರು ವರ್ಷಗಳಲ್ಲಿ ಲಿಪಿಯ ಮೂರಕ್ಷರದ 64 ಪದಗಳೂ ಓದಿಗೆ ಸಿಕ್ಕವು. ಅಕ್ಷರಗಳ ಕ್ರಮ ಮೊದಲೇ ಗೊತ್ತಿರುವ ಉದ್ದುದ್ದ ಆರ್‌ಎನ್‌ಎಗಳನ್ನು ತಯಾರಿಸಿ ಆ ಓದಿಗೆ ನೆರವಾದವರು ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ. 1968ರ ನೊಬೆಲ್ ನಿರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿ ಅವರಿಗೆ ಬಂತು. ಮಟೈ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ರಾತ್ರಿಯಿಡೀ ಎದ್ದಿದ್ದ ಆ ಪೋಸ್ಟ್‌ಡಾಕ್‌ನನ್ನು ನೆನೆದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ವೈದ್ಯಕೀಯ ಸಂಶೋಧನೆಗೆ ಈಗಷ್ಟೇ ಕಾಲಿಟ್ಟ ಮಕ್ಕಳು ಸಿಕ್ಕಾಗಲೆಲ್ಲ ನಾನು ಈ ಕತೆ ಹೇಳುತ್ತೇನೆ. ಪ್ರಯೋಗ ಮುಗಿದ ಮಾತ್ರಕ್ಕೆ ವಿಜ್ಞಾನ ಮುಗಿಯುವುದಿಲ್ಲ. ಅದನ್ನು ಇನ್ನೊಬ್ಬರ ಕಿವಿಗೆ ಮುಟ್ಟಿಸಬೇಕು, ಆ ಇನ್ನೊಬ್ಬರು ಎದ್ದು ಓಡಬೇಕು.

ಬೆಂಗಳೂರಿನ ಯಾವುದೇ ಜೀವವಿಜ್ಞಾನ ಸಂಸ್ಥೆಯೊಳಗೆ ಒಂದು ವಾರ ಕಳೆದರೆ ಗೊತ್ತಾಗುತ್ತದೆ, ಅಲ್ಲಿ ಮಾತಾಡುವುದೂ ಪೈಪೆಟ್ ಹಿಡಿಯುವಷ್ಟೇ ದಿನನಿತ್ಯದ ಕೆಲಸ. ಲ್ಯಾಬ್ ಮೀಟಿಂಗಿನಲ್ಲಿ ಹುಡುಗರು ಸರದಿಯಂತೆ ತಮ್ಮ ಅರ್ಧಂಬರ್ಧ ಫಲಿತಾಂಶಗಳನ್ನು ಮುಂದಿಡುತ್ತಾರೆ. ಜರ್ನಲ್ ಕ್ಲಬ್ಬಿನಲ್ಲಿ ಬೇರೆಯವರ ಪ್ರಬಂಧವನ್ನು ಬಿಡಿಸಿ ನೋಡುತ್ತಾರೆ. ವರ್ಷಕ್ಕೊಮ್ಮೆ ಇಡೀ ವಿಭಾಗದೆದುರು ಲೆಕ್ಕ ಒಪ್ಪಿಸಬೇಕು. ಪಿಎಚ್.ಡಿ. ಕೊನೆಗೆ ಇಡೀ ಕೆಲಸವನ್ನು ಮುಂದಿಡುವ ಕೊಲೊಕ್ವಿಯಂ. ಇವೆಲ್ಲ ಮನೆಯೊಳಗಿನವು. ಮನೆಯಾಚೆಯ ಮೊದಲ ಮೆಟ್ಟಿಲು ಪೋಸ್ಟರ್. ಗೋಡೆಗೋ ಹಲಗೆಗೋ ಅಂಟಿಸಿದ ಒಂದು ದೊಡ್ಡ ಹಾಳೆ, ಅದರ ಪಕ್ಕದಲ್ಲಿ ಎರಡು ಗಂಟೆ ನಿಂತಿರುವ ವಿದ್ಯಾರ್ಥಿ. 1960ರ ದಶಕದ ಕೊನೆಯಲ್ಲಿ ಯುರೋಪಿನ ಸಮ್ಮೇಳನಗಳಲ್ಲಿ ಶುರುವಾದ ಪದ್ಧತಿಯಿದು. ಮಾತಾಡಬೇಕಾದವರು ಹೆಚ್ಚಾಗಿ ವೇದಿಕೆಯ ಸಮಯ ಸಾಲದಾದಾಗ ಕಂಡುಕೊಂಡ ದಾರಿ. ಆದರೆ ಪೋಸ್ಟರನ್ನು ವೇದಿಕೆ ಸಿಗದವರ ಜಾಗ ಎಂದು ತಿಳಿಯುವುದು ತಪ್ಪು. ವೇದಿಕೆಯಲ್ಲಿ ನೀವು ನೂರು ಜನರಿಗೆ ಹೇಳುತ್ತೀರಿ, ಪೋಸ್ಟರ್ ಮುಂದೆ ಒಬ್ಬರು ನಿಮ್ಮ ಗ್ರಾಫಿನ ಮೇಲೆ ಬೆರಳಿಟ್ಟು ಕೇಳುತ್ತಾರೆ. ಎರಡನೆಯದೇ ಬೆಲೆಬಾಳುವುದು.

ಎಲ್ಲಕ್ಕಿಂತ ಕಠಿಣವಾದದ್ದು ಚಾಕ್ ಟಾಕ್. ಸ್ವಂತ ಲ್ಯಾಬ್ ಕಟ್ಟಲು ಹೊರಟ ಪೋಸ್ಟ್‌ಡಾಕ್‌ಗಳನ್ನು ಎಷ್ಟೋ ಸಂಸ್ಥೆಗಳು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂಡಿಸಿ, ಕೈಗೆ ಸೀಮೆಸುಣ್ಣ ಕೊಡುತ್ತವೆ. ಸ್ಲೈಡ್ ಇಲ್ಲ. ಮುಂದಿನ ಐದು ವರ್ಷ ಏನು ಮಾಡುತ್ತೀರಿ, ಮೊದಲ ಪ್ರಯೋಗ ಕೆಟ್ಟರೆ ಆಮೇಲೇನು, ನಿಮ್ಮ ಹಳೆಯ ಗುರುಗಳ ಕೆಲಸಕ್ಕೂ ನಿಮ್ಮದಕ್ಕೂ ಏನು ವ್ಯತ್ಯಾಸ ಎಂದು ನಡುನಡುವೆ ತಡೆದು ಕೇಳುತ್ತಾರೆ. ಒರೆಗಲ್ಲು ಎಂದರೆ ಅದೇ. ಅಂದವಾದ ಚಿತ್ರಗಳ ಹಿಂದೆ ಅಡಗಲು ಅಲ್ಲಿ ಜಾಗವಿಲ್ಲ.

ಹತ್ತು ನಿಮಿಷದ ಒಳ್ಳೆಯ ಟಾಕ್ ಹೇಗಿರುತ್ತದೆ? ನನ್ನ ಅನುಭವದಲ್ಲಿ ಅದರ ಗುಟ್ಟು ಮೊದಲ ನಿಮಿಷದಲ್ಲಿದೆ. ಕೇಳುಗರು ನಿಮ್ಮ ಪ್ರಶ್ನೆಯನ್ನು ತಮ್ಮ ಪ್ರಶ್ನೆ ಮಾಡಿಕೊಂಡರೆ ಉಳಿದ ಒಂಬತ್ತು ನಿಮಿಷ ನಿಮ್ಮ ಜೊತೆ ನಡೆಯುತ್ತಾರೆ. ಇಲ್ಲದಿದ್ದರೆ ಫೋನ್ ತೆಗೆಯುತ್ತಾರೆ. ಸ್ಲೈಡಿಗೆ ಒಂದೇ ವಿಷಯ. ಗ್ರಾಫ್ ಬಂದ ತಕ್ಷಣ ಅಡ್ಡಗೆರೆಯಲ್ಲಿ ಏನಿದೆ, ಉದ್ದಗೆರೆಯಲ್ಲಿ ಏನಿದೆ ಎಂದು ಹೇಳಲೇಬೇಕು. ನಾಲ್ಕು ವರ್ಷ ಅದೇ ಗ್ರಾಫ್ ನೋಡಿದವರಿಗೆ ಇದು ಬೇಡವೆನ್ನಿಸುತ್ತದೆ, ಮೊದಲ ಸಲ ನೋಡುವವರಿಗೆ ಬೇಕೇ ಬೇಕು. ಎಷ್ಟು ಇಲಿಗಳು, ಎಷ್ಟು ರೋಗಿಗಳು, ಎಷ್ಟು ಸಲ ಮಾಡಿ ನೋಡಿದ್ದು ಎಂಬುದನ್ನು ಯಾರೂ ಕೇಳುವ ಮೊದಲೇ ಹೇಳುವುದು ಮರ್ಯಾದೆ. ಉತ್ತರ ತಿಳಿಯದಿದ್ದರೆ, 'ಗೊತ್ತಿಲ್ಲ, ಆದರೆ ಹೀಗೆ ಮಾಡಿ ನೋಡಬಹುದು' ಎನ್ನುವ ಹುಡುಗಿಯ ಮೇಲೆ ಸಭೆಗೆ ನಂಬಿಕೆ ಹುಟ್ಟುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಭಾರವಿದೆ, ಇಂಗ್ಲಿಷ್. ಹಾವೇರಿಯಲ್ಲೋ ಸಿಂಧನೂರಿನಲ್ಲೋ ಪದವಿ ಮುಗಿಸಿ ಬಂದವರು ವಿಷಯ ಗೊತ್ತಿದ್ದೂ ವ್ಯಾಕರಣಕ್ಕೆ ಹೆದರಿ ಕೈ ಎತ್ತುವುದಿಲ್ಲ. ಅವರಿಗೆ ನಾನು ಒಂದು ಅಭ್ಯಾಸ ಹೇಳಿಕೊಡುತ್ತೇನೆ: ಟಾಕನ್ನು ಮೊದಲು ಮನೆಮಾತಿನಲ್ಲಿ ಆಡಿ ನೋಡಿ. ಈ ಜೀನು ಆ ಕಾಯಿಲೆಯಲ್ಲಿ 'ಪಾತ್ರ ವಹಿಸುತ್ತದೆ' ಎಂದು ಪುಸ್ತಕದ ಕನ್ನಡದಲ್ಲಿ ಹೇಳಿ ಪಾರಾಗಬಹುದು. ಅವ್ವನ ಮುಂದೆ ಪಾರಾಗಲಾಗದು. 'ಅಂದ್ರ ಏನು ಮಾಡತೈತಿ ಅದು? ರೋಗ ಹೆಚ್ಚು ಮಾಡತೈತೋ, ಕಡಿಮಿ ಮಾಡತೈತೋ?' ಎಂದು ಕೇಳುತ್ತಾಳೆ. ಎಷ್ಟೋ ಸಲ ಆಗಲೇ ವಿದ್ಯಾರ್ಥಿಗೆ ಹೊಳೆಯುತ್ತದೆ, ತನ್ನ ಪ್ರಯೋಗ ಅದನ್ನಿನ್ನೂ ತೋರಿಸಿಲ್ಲ ಎಂದು. ಇಂಗ್ಲಿಷಿನ ತಿದ್ದುಪಡಿ ಆಮೇಲಿನದು, ಸುಲಭದ್ದು.

ಪ್ರಶ್ನೆ ಕೇಳುವುದು ಟಾಕ್‌ನಷ್ಟೇ ದೊಡ್ಡ ವಿದ್ಯೆ. ಇದರ ಬಗ್ಗೆ ಲೆಕ್ಕವೂ ಇದೆ. 10 ದೇಶಗಳ 35 ಸಂಸ್ಥೆಗಳಲ್ಲಿ 247 ಸೆಮಿನಾರುಗಳನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಭೆಯಲ್ಲಿದ್ದ ಹೆಂಗಸರ ಪ್ರಮಾಣಕ್ಕೆ ಹೋಲಿಸಿದರೆ ಅವರಿಂದ ಬರುವ ಪ್ರಶ್ನೆಗಳು ಕಡಿಮೆ ಎಂದು ಕಂಡುಬಂತು. ಮೊದಲ ಪ್ರಶ್ನೆ ಗಂಡಸಿನಿಂದ ಬಂದ ಕಡೆ ಈ ಅಂತರ ಹೆಚ್ಚಾಗಿತ್ತು. ಮೊದಲ ಕೈ ಯಾರದ್ದೆಂಬುದು ಅಷ್ಟು ಮುಖ್ಯ. ಮೊದಲ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೇ ಮೀಸಲಿಡುವ ಸಭಾಪತಿಗಳಿದ್ದಾರೆ. ಖರ್ಚಿಲ್ಲದ, ತಕ್ಷಣ ಮಾಡಬಹುದಾದ ಕೆಲಸ. ನಮ್ಮ ಪ್ರತಿ ಕಾಲೇಜು, ಪ್ರತಿ ಸಂಸ್ಥೆಯೂ ನಾಳೆಯಿಂದಲೇ ಮಾಡಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ನೆಟ್‌ವರ್ಕಿಂಗ್ ಎಂಬ ಮಾತು ಕೇಳಿದರೆ ನಮ್ಮಲ್ಲಿ ಹಲವರು ಮುಖ ಹಿಂಡುತ್ತಾರೆ. ಶಿಫಾರಸು, ವಶೀಲಿ ನೆನಪಾಗುತ್ತದೆ. ಎರಡೂ ಬೇರೆ. ವಶೀಲಿ ಇರುವ ಜಾಗಕ್ಕೆ ಬೇರೆಯವರು ಬರದಂತೆ ತಡೆಯುತ್ತದೆ. ಪರಿಚಯ, ಗೊತ್ತೇ ಇಲ್ಲದಿದ್ದ ಜಾಗವೊಂದು ಇದೆಯೆಂದು ತಿಳಿಸುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಕೆಲಸ ಬದಲಿಸಿದವರನ್ನು ಕೇಳಿ 1973ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಿರುಳು ಇದೇ: ಕೆಲಸದ ಸುದ್ದಿ ಬರುವುದು ಆಪ್ತ ಗೆಳೆಯರಿಗಿಂತ ಹೆಚ್ಚಾಗಿ, ಅಪರೂಪಕ್ಕೆ ಸಿಗುವ ಮುಖಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ.

ಇದು ಬರೀ ಕೆಲಸದ ಮಾತೂ ಅಲ್ಲ. 2011ರಲ್ಲಿ ಪೋರ್ಟೊರಿಕೊದ ಸ್ಯಾನ್ ವಾನ್‌ನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳ ಸಮ್ಮೇಳನಕ್ಕೆ ಬಂದಿದ್ದ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪೆಂಟಿಯೆ ಅಲ್ಲೇ ಮೊದಲ ಬಾರಿ ಭೇಟಿಯಾದವರು. ಹಳೆಯ ಊರಿನ ಬೀದಿಗಳಲ್ಲಿ ನಡೆಯುತ್ತ ಜೊತೆಗೆ ಕೆಲಸ ಮಾಡುವ ಮಾತಾಡಿದರು. ಮರುವರ್ಷವೇ ಜೀನ್ ತಿದ್ದುವ ಕ್ರಿಸ್ಪರ್ ಕತ್ತರಿಯ ಪ್ರಬಂಧ ಬಂತು, 2020ರಲ್ಲಿ ನೊಬೆಲ್. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿದ ಕಾಟಲಿನ್ ಕಾರಿಕೊ ಮತ್ತು ಡ್ರ್ಯೂ ವೈಸ್‌ಮನ್ ಪರಿಚಯವಾದದ್ದು 1990ರ ದಶಕದ ಕೊನೆಯಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೆರಾಕ್ಸ್ ಯಂತ್ರದ ಬಳಿ.

ಹೇಳಿದರೆ ಕದಿಯುತ್ತಾರೆಂಬ ಭಯ ಸುಳ್ಳಲ್ಲ. ಮಾಸ್ಕೋದ ಮಾತಿನ ಬೆನ್ನಲ್ಲೇ ನೊಬೆಲ್ ವಿಜೇತ ಸೆವೆರೊ ಒಚೋವಾ ಅವರ ದೊಡ್ಡ ಲ್ಯಾಬ್ ನಿರೆನ್‌ಬರ್ಗರಿಗೆ ಪೈಪೋಟಿಯಾಗಿ ನಿಂತಿತು. ಆದರೆ ಅದೇ ಪೈಪೋಟಿ ಕಂಡು ಬೆಥೆಸ್ಡಾದ ಸಹೋದ್ಯೋಗಿಗಳು ತಮ್ಮ ಕೆಲಸ ಬದಿಗಿಟ್ಟು ನಿರೆನ್‌ಬರ್ಗರ ಬೆಂಚಿಗೆ ಬಂದು ನಿಂತರು. ಮತ್ತೊಂದು ಮಾತು: ವಿಮಾನ ಹತ್ತುವ ಮೊದಲೇ ಅವರು ತಮ್ಮ ಪ್ರಬಂಧವನ್ನು ಪತ್ರಿಕೆಗೆ ಒಪ್ಪಿಸಿದ್ದರು. ಇಂದಿನವರಿಗೆ, ಪತ್ರಿಕೆಯಲ್ಲಿ ಬರುವ ಮೊದಲೇ ಪ್ರಬಂಧವನ್ನು ಅಂತರಜಾಲಕ್ಕೆ ಹಾಕುವ ಪ್ರೀಪ್ರಿಂಟ್ ಇದೆ. 2013ರಿಂದ ನಡೆಯುತ್ತಿರುವ ಬಯೋಆರ್‌ಕೈವ್‌ನಲ್ಲಿ ಹಾಕಿದ ದಿನಾಂಕವೇ ಸಾಕ್ಷಿ.

ನಮ್ಮ ನೆಲದಲ್ಲಿ ಹೀಗೆ ವಿಜ್ಞಾನಿಗಳ ನಡುವೆ ಪರಿಚಯ ಬೆಳೆಸುವುದನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆ ಇಂಡಿಯಾಬಯೋಸೈನ್ಸ್. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ, ಒಬೈದ್ ಸಿದ್ದಿಕಿ ಕಟ್ಟಿದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆದದ್ದು. ಅದರ ಬುಡ ಇರುವುದು 2009ರಲ್ಲಿ ಶುರುವಾದ ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗ್‌ನಲ್ಲಿ, ಎಲ್ಲರ ಬಾಯಲ್ಲಿ ವೈಐಎಂ. ಜೀವಕೋಶದೊಳಗೆ ಸರಕು ಹೊರುವ ಕೈನೆಸಿನ್ ಎಂಬ ಪ್ರೋಟೀನನ್ನು ಕಂಡುಹಿಡಿದವರಲ್ಲಿ ಒಬ್ಬರಾದ ರಾನ್ ವೇಲ್ ಇದನ್ನು ಹುಟ್ಟುಹಾಕಿದವರಲ್ಲೂ ಒಬ್ಬರು. ಅವರೇ 2006ರಲ್ಲಿ ಶುರುಮಾಡಿದ ಐಬಯಾಲಜಿಯಲ್ಲಿ ಹಿರಿಯ ವಿಜ್ಞಾನಿಗಳ ಟಾಕ್‌ಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಲ್ಯಾಬ್ ಇಲ್ಲದ ಊರಿನ ವಿದ್ಯಾರ್ಥಿಗೆ ಅದೊಂದು ವರ.

ವೈಐಎಂಗೆ ಹೊಸದಾಗಿ ಲ್ಯಾಬ್ ತೆರೆದವರು ಬರುತ್ತಾರೆ, ದೇಶಕ್ಕೆ ಮರಳಲು ಯೋಚಿಸುತ್ತಿರುವ ಪೋಸ್ಟ್‌ಡಾಕ್‌ಗಳೂ ಬರುತ್ತಾರೆ. ಸಂಸ್ಥೆಗಳ ನಿರ್ದೇಶಕರು, ಅನುದಾನ ಕೊಡುವವರು, ಹಿರಿಯ ವಿಜ್ಞಾನಿಗಳು ಅವರೊಂದಿಗೆ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ವರ್ಷವರ್ಷ ಊರು ಬದಲಾಗುತ್ತದೆ. ಬಾಸ್ಟನ್ನಿನಲ್ಲಿ ಆರು ವರ್ಷ ಇದ್ದ ಕನ್ನಡಿಗನೊಬ್ಬನಿಗೆ ಧಾರವಾಡದಲ್ಲಿ ಐಐಟಿ ಇದೆ, ಅಲ್ಲಿ ಜೀವವಿಜ್ಞಾನದ ಕೆಲಸಕ್ಕೂ ಅವಕಾಶವಿದೆ ಎಂದು ತಿಳಿಯುವುದು ಇಂಥ ಊಟದ ಮೇಜಿನಲ್ಲೇ. ಉಪಕರಣ ಬರುವುದು ತಡವಾದಾಗ ಏನು ಮಾಡಬೇಕು, ಮೊದಲ ವಿದ್ಯಾರ್ಥಿಯನ್ನು ಹೇಗೆ ಆರಿಸಬೇಕು ಎಂಬುದನ್ನು ಯಾವ ಪಠ್ಯವೂ ಕಲಿಸುವುದಿಲ್ಲ. ಎರಡು ವರ್ಷ ಮೊದಲು ಅದೇ ಕಷ್ಟ ಪಟ್ಟವರು ಕಲಿಸುತ್ತಾರೆ.

ಆಸ್ಪತ್ರೆ ಮತ್ತು ಲ್ಯಾಬಿನ ನಡುವೆ ಇನ್ನೂ ಹೆಚ್ಚು ಊಟದ ಮೇಜುಗಳು ಬೇಕು ಎಂಬುದು ನನ್ನ ಆಸೆ. ರೋಗಿಯನ್ನು ದಿನವೂ ನೋಡುವ ವೈದ್ಯರಿಗೆ ಪ್ರಶ್ನೆ ಗೊತ್ತು, ಪ್ರಯೋಗಕ್ಕೆ ಬಿಡುವಿಲ್ಲ. ಸಂಶೋಧಕರಿಗೆ ವಿಧಾನ ಗೊತ್ತು, ರೋಗಿ ಗೊತ್ತಿಲ್ಲ. ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ ನಡೆಸಿದ ಮನೋರೋಗ ಸಂಶೋಧನೆ ಇದಕ್ಕೊಂದು ಮಾದರಿ. ತೀವ್ರ ಮಾನಸಿಕ ಕಾಯಿಲೆ ಒಂದಕ್ಕಿಂತ ಹೆಚ್ಚು ಜನರಲ್ಲಿ ಕಾಣಿಸಿದ ಕುಟುಂಬಗಳನ್ನು ವೈದ್ಯರು ಗುರುತಿಸಿದರು, ಅವರ ರಕ್ತದಿಂದ ಬಂದ ಕೋಶಗಳನ್ನು ಕಾಂಡಕೋಶಗಳಾಗಿ ಮಾಡಿ ಲ್ಯಾಬಿನಲ್ಲಿ ಬೆಳೆಸಿದರು. ನಿಮ್ಹಾನ್ಸ್ ಇರುವ ಹೊಸೂರು ರಸ್ತೆಗೂ ಎನ್‌ಸಿಬಿಎಸ್ ಇರುವ ಬಳ್ಳಾರಿ ರಸ್ತೆಗೂ ನಡುವಿನ ದೂರ ಕಾರಿನಲ್ಲಿ ಕಳೆಯುವ ಹೊತ್ತಿಗಿಂತ ದೊಡ್ಡದು. ಯಾರೋ ಇಬ್ಬರು ಮಾತು ಶುರುಮಾಡಿದ್ದರಿಂದಲೇ ಅದು ಕಡಿಮೆಯಾಯಿತು.

ನನ್ನ ಪರಿಚಯದ ಒಬ್ಬಳು ಸಂಶೋಧಕಿ, ಹಾವೇರಿ ಕಡೆಯವಳು, ಪಾರ್ಕಿನ್ಸನ್ ಕಾಯಿಲೆಯನ್ನು ಅರಿಯಲು ಹಣ್ಣುನೊಣಗಳ ಮೇಲೆ ಕೆಲಸ ಮಾಡುತ್ತಾಳೆ. ಮೊದಲ ಪೋಸ್ಟರ್ ಹಿಡಿದು ನಿಂತ ದಿನ ಮೊದಲ ಒಂದೂವರೆ ಗಂಟೆ ಯಾರೂ ನಿಲ್ಲಲಿಲ್ಲ. ಪೋಸ್ಟರ್ ಸುತ್ತಿಡೋಣವೆಂದು ಮೂಲೆಯ ಪಿನ್ನು ಕೀಳುತ್ತಿದ್ದಾಗ ಪುಣೆಯ ಒಬ್ಬ ಪೋಸ್ಟ್‌ಡಾಕ್ ಬಂದು, ಮೂರನೇ ಗ್ರಾಫಿನಲ್ಲಿ ಗಂಡುನೊಣಗಳನ್ನೂ ಹೆಣ್ಣುನೊಣಗಳನ್ನೂ ಬೇರೆ ಮಾಡಿ ನೋಡಿದ್ದೀರಾ ಎಂದು ಕೇಳಿದರು. ಅವಳು ನೋಡಿರಲಿಲ್ಲ, ಹಾಗೆಂದೇ ಹೇಳಿದಳು. ಮುಕ್ಕಾಲು ಗಂಟೆ ಮಾತಾಡಿದರು. ಆ ರಾತ್ರಿಯೇ ಅವರಿಗೆ ನಾಲ್ಕು ಸಾಲಿನ ಮೇಲ್ ಬರೆದಳು, ಗ್ರಾಫನ್ನು ಜೊತೆಗಿಟ್ಟು. ಮೂರು ವಾರದ ಮೇಲೆ ಲ್ಯಾಬಿಗೆ ಒಂದು ಕೊರಿಯರ್ ಡಬ್ಬಿ ಬಂತು. ಒಳಗೆ ಹತ್ತಿ ತುರುಕಿದ ಎಂಟು ಸೀಸೆಗಳು, ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ಬರೆದ ಅವಳ ಹೆಸರು. ದಾರಿಯ ಬಿಸಿಲು ತಡೆದು ಆರು ಸೀಸೆಗಳಲ್ಲಿ ನೊಣಗಳು ಜೀವಂತವಾಗಿದ್ದವು.