ಮುಟ್ಟದಿದ್ದರೆ ಕೆಡುವ ಮ್ಯೂಸಿಯಂ

ಲಾಸ್ ವೇಗಸ್‌ನಲ್ಲಿ ನಾಣ್ಯ ನುಂಗುವ ಯಂತ್ರಗಳಿಗೆ ಬರವಿಲ್ಲ. ವಿಮಾನ ನಿಲ್ದಾಣದಲ್ಲೇ ಸ್ಲಾಟ್ ಮಷಿನ್‌ಗಳು ಕೈಬೀಸಿ ಕರೆಯುತ್ತವೆ. ಆದರೆ ಕ್ಯಾಸಿನೊ ಬೀದಿಯ ದಕ್ಷಿಣ ತುದಿಯಲ್ಲಿ, ಊರಿನ ಪ್ರಸಿದ್ಧ ಸ್ವಾಗತ ಫಲಕದ ಆಸುಪಾಸಿನಲ್ಲಿ, ಗೋದಾಮಿನಂಥ ಕಟ್ಟಡವೊಂದಿದೆ. ಅಲ್ಲಿ ಗೆದ್ದವರಿಗೆ ಬಿಡಿಗಾಸೂ ಸಿಗುವುದಿಲ್ಲ. ಸಿಕ್ಕರೆ ಇನ್ನೊಂದು ಆಟ, ಅಷ್ಟೆ.

ಅದು ಪಿನ್‌ಬಾಲ್ ಹಾಲ್ ಆಫ್ ಫೇಮ್. ಇಳಿಜಾರು ಮೇಜಿನ ಮೇಲೆ ಉಕ್ಕಿನ ಗುಂಡನ್ನು ಬಾರಿಸಿ ಅಂಕ ಗಳಿಸುವ ಆಟದ ಮ್ಯೂಸಿಯಂ. ಒಳಗೆ ಇನ್ನೂರಕ್ಕೂ ಹೆಚ್ಚು ಯಂತ್ರಗಳು ಸಾಲಾಗಿ ನಿಂತಿವೆ. ಪ್ರವೇಶ ಶುಲ್ಕವಿಲ್ಲ, ಹಳೆಯವಕ್ಕೆ ಒಂದೆರಡು ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ಹಾಕಿ ಆಡಬಹುದು. ಹಲವು ಯಂತ್ರಗಳ ಮೇಲೆ ಅವುಗಳ ಚರಿತ್ರೆಯನ್ನು ಕೈಯಲ್ಲಿ ಬರೆದ ಚೀಟಿ ಅಂಟಿಸಿದೆ. ಮಾದರಿ ಹಂತದಲ್ಲೇ ನಿಂತುಹೋದ ‘ಪಿನ್‌ಬಾಲ್ ಸರ್ಕಸ್’ನಂಥ ಅಪರೂಪದ ಯಂತ್ರವೂ ಇಲ್ಲಿ ಆಡುವುದಕ್ಕೇ ಇದೆ.

ಇದರ ಹಿಂದಿರುವವರು ಟಿಮ್ ಅರ್ನಾಲ್ಡ್. ಮಿಷಿಗನ್ ರಾಜ್ಯದಲ್ಲಿ ತಮ್ಮ ಸಹೋದರನ ಜೊತೆ ‘ಪಿನ್‌ಬಾಲ್ ಪೀಟ್ಸ್’ ಎಂಬ ಆಟದಂಗಡಿ ನಡೆಸಿದವರು. ವಿಡಿಯೊ ಗೇಮ್‌ಗಳ ಭರಾಟೆಯಲ್ಲಿ ಬೇರೆಯವರು ಬೇಡವೆಂದು ಬಿಟ್ಟ ಪಿನ್‌ಬಾಲ್‌ಗಳನ್ನು ಇವರು ಸೇರಿಸುತ್ತ ಹೋದರು. 1990ರಲ್ಲಿ ವ್ಯಾಪಾರ ಬಿಟ್ಟು, ಆ ಸಂಗ್ರಹವನ್ನೆಲ್ಲ ಹೊತ್ತು ಲಾಸ್ ವೇಗಸ್‌ಗೆ ಬಂದರು. ಮೊದಲು ಮನೆಯಂಗಳದಲ್ಲೇ ಆಟದ ಕೂಟಗಳನ್ನು ನಡೆಸಿ ಸಾಲ್ವೇಷನ್ ಆರ್ಮಿ ಎಂಬ ಸೇವಾಸಂಸ್ಥೆಗೆ ಹಣ ಕೂಡಿಸಿದರು. 2006ರಲ್ಲಿ ಟ್ರಾಪಿಕಾನಾ ರಸ್ತೆಯಲ್ಲಿ ಮ್ಯೂಸಿಯಂ ತೆರೆಯಿತು. 2021ರಲ್ಲಿ ಈಗಿನ ಜಾಗಕ್ಕೆ ಬಂತು. ಲಾಭಕ್ಕಾಗಿ ನಡೆಸುವ ಸಂಸ್ಥೆಯಲ್ಲ. ಖರ್ಚು ಕಳೆದು ಉಳಿದದ್ದು ದಾನಕ್ಕೆ ಹೋಗುತ್ತದೆ.

ಜೂಜೋ, ಕೈಚಳಕವೋ?

ಜೂಜಿನ ರಾಜಧಾನಿಯಲ್ಲಿ ಪಿನ್‌ಬಾಲ್ ನೆಲೆ ಕಂಡದ್ದರಲ್ಲೊಂದು ತಮಾಷೆಯಿದೆ. ಜೂಜೆಂಬ ಆಪಾದನೆಯ ಮೇಲೆಯೇ ಅಮೆರಿಕದ ಹಲವು ನಗರಗಳು ಇದನ್ನು ದಶಕಗಳ ಕಾಲ ನಿಷೇಧಿಸಿದ್ದವು.

ಇದರ ಮೂಲ ಬಾಗಟೆಲ್. ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಚಿಮ್ಮಿಸುವ ಆ ಆಟವನ್ನು ಬೇಸಿಗೆ ರಜೆಯಲ್ಲಿ ಆಡಿದವರು ನಮ್ಮಲ್ಲೂ ಬೇಕಾದಷ್ಟು ಮಂದಿ ಇದ್ದಾರೆ. 1871ರಲ್ಲಿ ಮಾಂಟೇಗ್ ರೆಡ್‌ಗ್ರೇವ್ ಅದಕ್ಕೆ ಚೆಂಡು ಚಿಮ್ಮಿಸುವ ಸ್ಪ್ರಿಂಗಿನ ಸರಳು, ಅಂದರೆ ಪ್ಲಂಜರ್, ಜೋಡಿಸಿ ಪೇಟೆಂಟ್ ಪಡೆದರು. 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ನಾಣ್ಯ ಹಾಕಿ ಆಡುವ ಗೀಳನ್ನು ಊರೂರಿಗೆ ಹಬ್ಬಿಸಿತು. ಆಗ ಫ್ಲಿಪ್ಪರ್, ಅಂದರೆ ಗುಂಡಿ ಒತ್ತಿದರೆ ಚೆಂಡು ಬಾರಿಸುವ ಪುಟ್ಟ ತೋಳು, ಇರಲಿಲ್ಲ. ಚೆಂಡು ಬಿಟ್ಟಾದ ಮೇಲೆ ಮೇಜನ್ನು ಅಲುಗಾಡಿಸುವುದು ಬಿಟ್ಟರೆ ಆಟಗಾರನಿಗೆ ಕೆಲಸವೇ ಇರಲಿಲ್ಲ. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಗ್ವಾರ್ಡಿಯಾ ಇದನ್ನು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದಾಗ ಇದು ಜೂಜೆಂಬ ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ.

1947ರಲ್ಲಿ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದ ಜೊತೆ ಆರು ಫ್ಲಿಪ್ಪರ್‌ಗಳು ಬಂದವು, ಆಟದ ಜಾತಕವೇ ಬದಲಾಯಿತು. ಕಾನೂನು ಮಾತ್ರ ಬದಲಾಗಲಿಲ್ಲ. 1976ರಲ್ಲಿ ರೋಜರ್ ಶಾರ್ಪ್ ಎಂಬ ಯುವ ಪತ್ರಕರ್ತ ನ್ಯೂಯಾರ್ಕಿನ ನಗರಸಭಾ ಸದಸ್ಯರೆದುರು, ಇದು ಕೈಚಳಕದ ಆಟವೆಂದು ಆಡಿ ತೋರಿಸಿದರು. ಪ್ಲಂಜರ್ ಎಳೆಯುವ ಮುನ್ನವೇ ಚೆಂಡು ನಡುವಿನ ಓಣಿಗೆ ಇಳಿಯುತ್ತದೆಂದು ಹೇಳಿದರು, ಇಳಿಯಿತು. ನಿಷೇಧ ತೆರವಾಯಿತು.

ಹಲಗೆಯ ಅಡಿಯಲ್ಲಿ

ಪಿನ್‌ಬಾಲ್ ಚೆಂಡು 27 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡು, ತೂಕ ಸುಮಾರು 80 ಗ್ರಾಂ. ಅದನ್ನು ಇಳಿಜಾರಿನ ಮೇಲಕ್ಕೆ ಬಾರಿಸುವ ಫ್ಲಿಪ್ಪರಿನ ಕೆಲಸ ಸಲೀಸಲ್ಲ. ಗುಂಡಿ ಒತ್ತಿದೊಡನೆ ತಾಮ್ರದ ಕಾಯಿಲ್‌ಗೆ ಜೋರಾಗಿ ವಿದ್ಯುತ್ ನುಗ್ಗಿ, ಒಳಗಿನ ಕಬ್ಬಿಣದ ಸರಳನ್ನು ಎಳೆಯುತ್ತದೆ. ಫ್ಲಿಪ್ಪರ್ ಪೂರ್ತಿ ಎದ್ದ ಕ್ಷಣವೇ ಪುಟ್ಟ ಸ್ವಿಚ್ಚೊಂದು ತೆರೆದುಕೊಂಡು, ತೆಳು ತಂತಿಯ ಎರಡನೇ ಸುರುಳಿಯನ್ನೂ ದಾರಿಗೆ ತಂದು ವಿದ್ಯುತ್ತಿಗೆ ಲಗಾಮು ಹಾಕುತ್ತದೆ. ಆ ಸ್ವಿಚ್ ಕೈಕೊಟ್ಟರೆ, ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಕಾಯಿಲ್ ಕಾದು, ಕೊನೆಗೆ ಸುಟ್ಟೇಹೋದೀತು.

ಮೇಜನ್ನು ತುಸು ತಳ್ಳಿ ಚೆಂಡಿನ ದಾರಿ ತಿದ್ದುವುದು ಆಟದ ಭಾಗವೇ. ಅತಿಯಾದರೆ ಶಿಕ್ಷೆಯಿದೆ. ಪೆಟ್ಟಿಗೆಯೊಳಗೆ ಲೋಹದ ಬಳೆಯ ನಡುವೆ ಗಾರೆಯವರ ತೂಗುಗುಂಡಿನಂಥದ್ದೊಂದು ನೇತಾಡುತ್ತಿರುತ್ತದೆ. ಅದು ಬಳೆಗೆ ತಾಗಿತೋ, ‘ಟಿಲ್ಟ್’! ಫ್ಲಿಪ್ಪರ್ ಸತ್ತು, ಚೆಂಡು ಕೈತಪ್ಪುತ್ತದೆ.

1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಬೋರ್ಡುಗಳು ಬರುವವರೆಗೂ ಅಂಕ ಕೂಡುವುದೂ ರಿಲೇ ಮತ್ತು ತಿರುಗುವ ಚಕ್ರಗಳ ಕೆಲಸವಾಗಿತ್ತು. ಇಂಥ ಯಂತ್ರ ಇಟ್ಟುಕೊಂಡವರ ಸಂಕಟವೇ ಬೇರೆ. ಆಡಿದರೆ ಹಲಗೆಯ ಬಣ್ಣ ಸವೆಯುತ್ತದೆ, ರಬ್ಬರ್ ಹರಿಯುತ್ತದೆ. ಆಡದೆ ಬಿಟ್ಟರೆ ಸ್ವಿಚ್ಚಿನ ತುದಿಗಳಿಗೆ ಕಿಲುಬು ಹಿಡಿದು, ಗ್ರೀಸ್ ಗಟ್ಟಿಯಾಗಿ, ಚಕ್ರಗಳೇ ತಿರುಗದಂತಾಗುತ್ತವೆ. ಬಹಳಷ್ಟು ಸಂಗ್ರಾಹಕರು ಬೀಗ ಹಾಕಿಟ್ಟು ಅಂದ ಉಳಿಸಿಕೊಳ್ಳುತ್ತಾರೆ. ಅರ್ನಾಲ್ಡ್ ಸವೆತಕ್ಕೇ ಒಪ್ಪಿದರು. ಹಾಗಾಗಿ ಇಲ್ಲಿ ಯಾವ ಹೊತ್ತಿಗೆ ಹೋದರೂ ಒಂದಲ್ಲ ಒಂದು ಯಂತ್ರದ ಹೊಟ್ಟೆ ಬಿಚ್ಚಿರುವ ಸಾಧ್ಯತೆಯೇ ಹೆಚ್ಚು.

ಯಂತ್ರಗಳಂತೆ ಉದ್ಯಮವೂ ಏಳುಬೀಳು ಕಂಡಿದೆ. 1992ರ ‘ಆ್ಯಡಮ್ಸ್ ಫ್ಯಾಮಿಲಿ’ ಯಂತ್ರ ಇಪ್ಪತ್ತು ಸಾವಿರಕ್ಕೂ ಮೀರಿ ಮಾರಾಟವಾಗಿ ದಾಖಲೆ ಬರೆದಿತ್ತು. ಏಳೇ ವರ್ಷಗಳಲ್ಲಿ, 1999ರಲ್ಲಿ, ಅದನ್ನು ತಯಾರಿಸಿದ ವಿಲಿಯಮ್ಸ್ ಕಂಪನಿ ಪಿನ್‌ಬಾಲ್ ವಿಭಾಗಕ್ಕೇ ಬಾಗಿಲು ಹಾಕಿತು. ಸ್ಟರ್ನ್ ಕಂಪನಿ ಹಲವು ವರ್ಷ ಹೆಚ್ಚುಕಡಿಮೆ ಒಂಟಿಯಾಗಿಯೇ ಈ ಉದ್ಯಮವನ್ನು ಕಾಯ್ದುಕೊಂಡಿತು. ಈಗ ಹೊಸ ತಯಾರಕರು ಬಂದಿದ್ದಾರೆ, ಬೆಲೆಯೂ ಏರಿದೆ.

ವೇಗಸ್‌ಗೆ ಹೋಗುವವರು ಜೇಬಿನಲ್ಲೊಂದಿಷ್ಟು ಕ್ವಾರ್ಟರ್ ಇಟ್ಟುಕೊಂಡಿರಿ. ಮೊದಲು ಅಂಕದ ಚಕ್ರಗಳಿರುವ ಹಳೆಯ ಯಂತ್ರದಲ್ಲಿ ಆಡಿ: ವೇಗ ಕಡಿಮೆ, ಚೆಂಡಿನ ನಡೆ ಅರ್ಥವಾಗುತ್ತದೆ. ಸೋಲು ಇಲ್ಲೂ ಖಚಿತ. ಆದರೆ ತಪ್ಪು ಯಾರದೆಂದು ಸ್ಲಾಟ್ ಮಷಿನ್ ಹೇಳುವುದಿಲ್ಲ, ಪಿನ್‌ಬಾಲ್ ಹೇಳುತ್ತದೆ.